ತಳ ಕಂಡ ಕೆರೆ

ಕೆರೆ ನೀರು ತಿಳಿಯಾಗಿಬಿಟ್ಟಿದೆ, ಯಾರೋ ಕೈಯಾಡಿಸಿದ್ದಾರೆ ಎಂದು ಮೀನುಗಾರ್ತಿ ಠಾಣೆಗೆ ಬಂದು ದೂರು ಕೊಟ್ಟಾಗ ಬೆಳಗಿನ ಎಂಟೂವರೆ. ತಿಳಿನೀರಿಗೂ ಎಫ್‌ಐಆರ್ ಹಾಕಬೇಕಾ ಎಂದು ಕಾನ್‌ಸ್ಟೆಬಲ್ ನಕ್ಕ. ಇನ್‌ಸ್ಪೆಕ್ಟರ್‌ಗೂ ನಗು ಬಂದಿತ್ತು, ಕೆರೆ ನೋಡುವ ತನಕ.

ದಡದಲ್ಲಿ ಕಪ್ಪೆಯ ಸದ್ದಿಲ್ಲ, ಹೆಸರಿಗೊಂದು ಸೊಳ್ಳೆಯೂ ಇಲ್ಲ. ಕೊಕ್ಕರೆಗಳು ಯಾವಾಗಲೋ ಜಾಗ ಖಾಲಿ ಮಾಡಿದ್ದವು. ಮೂರಾಳು ಆಳದ ತಳ ಅಂಗೈಯಂತೆ ಕಾಣುತ್ತಿತ್ತು. ಅಲ್ಲಿ ಸತ್ತ ಮೀನುಗಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದವು. ಕಾನ್‌ಸ್ಟೆಬಲ್ ಟೋಪಿ ತೆಗೆದ. ಬಲೆಯನ್ನೇ ನಂಬಿದ ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೆದರು ಎಂದು ಮೀನುಗಾರ್ತಿ ಅತ್ತಳು. ಪಂಚನಾಮೆ ಬರೆದು, ನೀರನ್ನು ಸೀಸೆಗಳಲ್ಲಿ ತುಂಬಿ ಸೀಲು ಮಾಡಿದರು.

ಮರುದಿನ ಪ್ರಯೋಗಾಲಯದಾಕೆ ಫೋನಿನಲ್ಲಿ ಬಿಡಿಸಿ ಹೇಳಿದರು. ನೀರಿನಲ್ಲಿ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು ಇದೆ. ಅದು ಪಾಚಿಯನ್ನು ಕೊಂದಿದೆ. ಬಿಸಿಲನ್ನು ಅನ್ನ ಮಾಡುವುದೇ ಆ ಹಸಿರು. ಅದನ್ನು ತಿಂದು ನೀರಹುಳು, ಹುಳು ತಿಂದು ಮರಿಮೀನು, ಮರಿ ತಿಂದು ದೊಡ್ಡ ಮೀನು ಬದುಕಬೇಕು. ಪ್ರತಿ ಮೆಟ್ಟಿಲಲ್ಲೂ ಮೇಲಕ್ಕೆ ದಾಟುವುದು ಆ ಅನ್ನದ ಹತ್ತರಲ್ಲೊಂದು ಪಾಲು ಮಾತ್ರ. ಒಲೆಯೇ ಆರಿದರೆ ಮನೆಮಂದಿಗೆಲ್ಲ ಉಪವಾಸ. ಉಳಿದವರನ್ನು ವಿಷವೂ ಬಿಡುವುದಿಲ್ಲ.

ಊರಿನಲ್ಲಿ ಮೈಲುತುತ್ತ ಮೂಟೆಗಟ್ಟಲೆ ಇರುವುದು ಪಂಪ್‌ಹೌಸಿನಲ್ಲಿ, ಟ್ಯಾಂಕಿನ ಪಾಚಿ ತೆಗೆಯಲು. ಅಲ್ಲಿನ ಪಂಪು ನಡೆಸುವವನ ಉಗುರುಗಳು ನೀಲಿಯಾಗಿದ್ದವು. ಇನ್‌ಸ್ಪೆಕ್ಟರ್ ಹೋದಾಗ ಅವನು ಕೈ ಮುಚ್ಚಿಕೊಳ್ಳಲೂ ಇಲ್ಲ.

"ಕೆರೆಗೆ ಯಾಕೆ ಹಾಕಿದೆ?"

"ತಳ ಕಾಣ್ಲಿ ಅಂತ."

"ಏನ್ ನೋಡೋಕೆ?"

"ಮಗಳನ್ನ."

ಇನ್‌ಸ್ಪೆಕ್ಟರ್‌ಗೆ ಥಟ್ಟನೆ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ದೋಣಿ ಮಗುಚಿ ಒಂದು ಹುಡುಗಿ ಮುಳುಗಿದ್ದಳು. ಆ ಹಸಿರು ನೀರಲ್ಲಿ ನಮ್ಮ ಕೈಯೇ ನಮಗೆ ಕಾಣಲ್ಲ ಎಂದು ಮುಳುಗುತಜ್ಞರು ಬರಿಗೈಯಲ್ಲಿ ವಾಪಸಾಗಿದ್ದರು. ಟ್ಯಾಂಕಿನಲ್ಲಿ ಪಾಚಿ ಸತ್ತರೆ ಉಳಿಯುವುದು ನೀರಷ್ಟೇ. ಕೆರೆಯೂ ಒಂದು ದೊಡ್ಡ ಟ್ಯಾಂಕು ಎಂದುಕೊಂಡಿದ್ದ ಪಾಪ, ಪಂಪಿನವನು. ಮೀನುಗಳು ಸಾಯುತ್ತವೆಂದು ಗೊತ್ತಿರಲಿಲ್ಲ ಎಂದು ತಲೆ ತಗ್ಗಿಸಿದ.

"ಕಂಡ್ಲಾ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

"ನಿನ್ನೆ ಕಂಡ್ಲು. ಬಂಡೆ ಸಂದೀಲಿ ಸಿಕ್ಕಾಕೊಂಡಿದಾಳೆ. ಒಬ್ಬನ ಕೈಲಿ ಎತ್ತೋಕಾಗ್ಲಿಲ್ಲ ಸಾರ್. ನೀವು ಹೇಗೂ ಬರ್ತೀರಲ್ಲ ಅಂತ ಕಾಯ್ತಾ ಇದ್ದೆ."

ಹನ್ನೊಂದಕ್ಕೆ ಬಂಧನ ದಾಖಲಾಯಿತು. ವಿಷಯ ಕೇಳಿದ ಮೀನುಗಾರ್ತಿ ಹೋಗಿ ತನ್ನ ದೋಣಿಯ ಹಗ್ಗ ಬಿಚ್ಚಿದಳು. ಪಂಪಿನವನಿಗೆ ಹಾಕಲು ಕಾನ್‌ಸ್ಟೆಬಲ್ ಕೈಕೋಳ ಹೊರತೆಗೆದ. ಆಮೇಲೆ ನೋಡೋಣ ಎಂದು ಇನ್‌ಸ್ಪೆಕ್ಟರ್ ತಡೆದರು. ಮಗಳನ್ನು ಎತ್ತಿಕೊಳ್ಳಲು ಅವನಿಗೆ ಎರಡು ಕೈಗಳೂ ಬೇಕಿದ್ದವು.