ಕೂಡ್ಲಿಗಿಯಿಂದ ತಂದ ಡಬ್ಬಿ

"ಹೆಣ್ಣಿನ ಅಪ್ಪ ಏಕಾಂತಪ್ಪ ನನ್ನ ಮಗನ್ನ ಕೂಡ್ಲಿಗಿ ಮಟನ್ ಅಂಗಡ್ಯಾಗ ನೋಡ್ಯಾರಂತ್ರಿ ಡಾಕ್ಟರಮ್ಮ. ಸಂಬಂಧ ಬ್ಯಾಡ ಅಂದುಬಿಟ್ರು. ಇವ ನೋಡಿದ್ರ ಬಾಯಿನ ಬಿಚ್ಚವಲ್ಲ. ನೀವಾರ ಕೇಳ್ರಿ."

ಫೋನಿನಲ್ಲಿ ಕೊಟ್ರಬಸಮ್ಮ ಅಳುತ್ತಿದ್ದರು. ನನಗೆ ಮೊದಲು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾಚಿಕೆಯಾಯಿತು. ಅವರ ಮಗ ಗವಿಸಿದ್ದೇಶನನ್ನು ಆ ಅಂಗಡಿಗೆ ಕಳಿಸಿದವಳೇ ನಾನು.

ನಾನು ದುರ್ಗಾದೇವಿ, ಬಳ್ಳಾರಿಯಲ್ಲಿ ರಕ್ತನಾಳದ ಸರ್ಜನ್. ಹೊಟ್ಟೆ ಕೊಯ್ಯದೆ, ಬೆರಳಗಲದ ತೂತಿನಿಂದಲೇ ಒಳಗಿನ ರಕ್ತನಾಳ ಹೊಲಿಯುವ ಹೊಸ ಟೂಲನ್ನು ಗವಿಸಿದ್ದೇಶ್ ಕೊಟ್ಟೂರಿನ ತನ್ನ ವರ್ಕ್‌ಶಾಪಿನಲ್ಲಿ ಮಾಡುತ್ತಿದ್ದಾನೆ. ಮನುಷ್ಯರಿಗೆ ಬಳಸುವ ಮಾತು ಇನ್ನೂ ದೂರ. ಭಾನುವಾರ ಭಾನುವಾರ ನಾನು ಬಂದು ಕುರಿಯ ರಕ್ತನಾಳದ ಮೇಲೆ ಅದನ್ನು ಪರೀಕ್ಷಿಸುತ್ತೇನೆ. ಮೊಟ್ಟೆಯೂ ಹೊಸ್ತಿಲು ದಾಟದ ಮನೆಯ ಹುಡುಗ, ಊರಲ್ಲಿ ಯಾರಾದರೂ ಕಂಡಾರೆಂದು ಕೂಡ್ಲಿಗಿಗೆ ಹೋಗಿ, ಮೂಗು ಮುಚ್ಚಿಕೊಂಡು, ಸ್ಟೀಲ್ ಡಬ್ಬಿಯಲ್ಲಿ ಆ ರಕ್ತನಾಳ ತರುತ್ತಿದ್ದ. ನಾನು ನಗುತ್ತಿದ್ದೆ.

ಆ ಫೋನ್ ಬಂದ ಮೇಲಿನ ಭಾನುವಾರ ನಗು ಬರಲಿಲ್ಲ. ಟೂಲಿನ ಕ್ಯಾಮೆರಾದ ಸ್ಕ್ರೀನ್ ನೋಡುತ್ತಾ ಹೊಲಿದೆ. ಅವನು ಪಕ್ಕದಲ್ಲಿ ನಿಂತು, ಸ್ಕ್ರೀನ್ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ. ಹೊಲಿಗೆ ಬಿಗಿಯಾಗಿದೆಯೇ ಎಂದು ನೋಡಲು ಕೆಂಪು ನೀರು ಹಾಯಿಸಿದಾಗ ನಾಲ್ಕನೇ ಹೊಲಿಗೆ ಸೋರಿತು.

"ಟೂಲಿನ ತಪ್ಪೇನ್ರಿ?" ಎಂದ.

"ಅಲ್ಲ, ನನ್ನ ಕೈದು ತಪ್ಪು. ಹಂಗ ಬರಕೊಳ್ರಿ."

ಬರೆದುಕೊಂಡ. ನಾನು ಗ್ಲೌಸ್ ಬಿಚ್ಚಿದೆ.

"ನಾಳೆ ಏಕಾಂತಪ್ಪನವ್ರ ಮನಿಗಿ ಹೋಗಿ ನಾನ ಎಲ್ಲಾ ಹೇಳ್ತೀನಿ. ನನ್ನ ಕೆಲಸಕ್ಕ ನಿಮ್ಮ ಮದುವಿ ಮುರೀಬಾರದು."

ಇವನು ಬೇರೆಯವಳ ಗಂಡನಾಗಲೆಂದು ನಾನೇ ಓಡಾಡಬೇಕಿತ್ತು, ನನ್ನ ಹಣೆಬರಹ.

"ಬ್ಯಾಡ್ರಿ."

"ನಿಮಗ ಬಾಯಿ ಇರಲಿಲ್ಲೇನು? ಪರೀಕ್ಷೆಗೆ ಒಯ್ಯಾಕತ್ತೀನಿ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು."

ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತ.

"ಹೇಳಿದ್ರ ಮದುವಿ ಆಗಿಬಿಡತಿತ್ತಲ್ರಿ."

ನಾನು ಅವನ ಕೈಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

"ನಮ್ಮ ಮನ್ಯಾಗ ಭಾನುವಾರ ಮಟನ್ ಬೇಯತೈತಿ. ಗೊತ್ತೈತಲ್ಲ?"

"ಅದಕ್ಕ ಆರು ತಿಂಗಳಿಂದ ವಾಸನಿ ರೂಢಿ ಮಾಡ್ಕೊಳ್ಳಾಕತ್ತೀನಿ" ಎಂದು, ಈ ಸಲ ನನ್ನ ಕೈಯನ್ನಲ್ಲ, ಮುಖವನ್ನು ನೋಡಿದ.

ನಾನು ಕೊಟ್ರಬಸಮ್ಮನ ನಂಬರ್ ಒತ್ತಿದೆ.

"ಅಮ್ಮಾ, ಕೇಳಿದೆ. ನಿಮ್ಮ ಮಗ ಮಟನ್ ತಿಂದಿಲ್ಲ, ನನ್ನ ಕೆಲಸಕ್ಕ ಹೋಗಿದ್ರು. ಬಾಯಿ ಯಾಕ ಬಿಚ್ಚಲಿಲ್ಲ ಅನ್ನೋದು ಅವ್ರನ್ನ ಕೇಳ್ರಿ."

ಫೋನನ್ನು ಅವನ ಕೈಗಿಟ್ಟೆ. ಅವನ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ.

"ಅವ್ವಾ," ಎಂದ ಅವನು, "ಡಾಕ್ಟರಮ್ಮನ ಬಗ್ಗೆ ಒಂದು ಮಾತು ಹೇಳಬೇಕಿತ್ತು."