ಪೆಂಡಲ್ ಹಿಲ್‌ನ ಬೆಂಕಿ ನಿಯಮಗಳು

ಚಕ್ರಪಾಣಿಯವರು ಯಾವ ಕಾಗದವನ್ನೂ ಬಿಸಾಡುವವರಲ್ಲ. ಯತೀಶನ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಆರು ವರ್ಷದ ಹಿಂದೆ, ವೀಸಾ ಅರ್ಜಿ ಹಾಕುವಾಗ, ಅವನು ಸಿಡ್ನಿಯ ವೀಸಾ ಏಜೆಂಟ್ ಚಕ್ರಪಾಣಿಯವರಿಗೆ ಎರಡು ಅನುಭವ ಪತ್ರ ಕಳಿಸಿದ್ದ. ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನು ಎಂಟು ತಿಂಗಳು ಗುಮಾಸ್ತನಾಗಿದ್ದ ಎಂದು ಮೊದಲನೆಯದು ಹೇಳುತ್ತಿತ್ತು. ಅದು ನಿಜ. ಆದರೆ ನಿಜ ಸಾಲದೆ ಬಂತು. ಹದಿನೈದು ದಿನದಲ್ಲಿ ಎರಡನೆಯ ಪತ್ರ ಬಂದಾಗ ಅದೇ ಕಾರ್ಖಾನೆಯಲ್ಲಿ ಅವನು ಐದು ವರ್ಷ ಅಗ್ನಿ ಸುರಕ್ಷತಾ ಅಧಿಕಾರಿಯಾಗಿದ್ದ. ಅಲ್ಲೇ ಆಫೀಸಿನಲ್ಲಿದ್ದ ಸೋದರಮಾವ ಮಡಿವಾಳಪ್ಪ ಟೈಪು ಮಾಡಿಸಿ ಸೀಲು ಒತ್ತಿಸಿದ್ದು. "ಮೊದಲನೇದು ತಪ್ಪಾಗಿ ಬಂದಿತ್ತು ಸರ್" ಎಂದ ಯತೀಶ. ಚಕ್ರಪಾಣಿ ನಂಬಿದರು, ಅವರು ಎಲ್ಲರನ್ನೂ ನಂಬುವ ಪೈಕಿ. ಎರಡನೆಯದನ್ನು ವಲಸೆ ಇಲಾಖೆಗೆ ಕಳಿಸಿ, ಮೊದಲನೆಯದನ್ನು ಫೈಲಿನಲ್ಲಿ ಇಟ್ಟುಕೊಂಡರು.

ಸಿಡ್ನಿಗೆ ಬಂದ ಮೇಲೆ ಯತೀಶ ಸುಳ್ಳು ಹೇಳಿದ ಕೆಲಸವನ್ನೇ ನಿಜವಾಗಿ ಕಲಿತ. ಈಗ ಆ ವಿದ್ಯೆಯಲ್ಲಿ ಅವನು ಹುಷಾರಿ. ರೌಸ್ ಹಿಲ್‌ನಲ್ಲಿ ಮನೆ, ಹೆಂಡತಿ ನಿಖಿತಾ, ಮುಂದಿನ ತಿಂಗಳು ಪೌರತ್ವದ ಸಮಾರಂಭ. ಅಷ್ಟರಲ್ಲಿ ಚಕ್ರಪಾಣಿ ನಿವೃತ್ತರಾಗುವ ಸುದ್ದಿ ಬಂತು. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ಅಣ್ಣನ ಮಗಳು ಐಶ್ವರ್ಯಾ ಎಲ್ಲ ಫೈಲು ವಹಿಸಿಕೊಳ್ಳುತ್ತಾಳಂತೆ.

"ಅವಳು ನನ್ನ ಥರ ಅಲ್ಲಪ್ಪ, ಬಲು ಸ್ಟ್ರಿಕ್ಟು. ಒಂದು ಸುಳ್ಳು ಕಂಡರೆ ತಾನೇ ಇಲಾಖೆಗೆ ಬರೀತಾಳೆ" ಎಂದು ಚಕ್ರಪಾಣಿ ಹೆಮ್ಮೆಪಟ್ಟರು.

"ಸರ್, ನನ್ನ ಹಳೇ ಫೈಲ್ ನಂಗೇ ಕೊಟ್ಬಿಡಿ. ನಿಮಗೂ ಭಾರ ಕಮ್ಮಿ."

"ಏಳು ವರ್ಷ ಇಟ್ಕೋಬೇಕು ಅಂತ ರೂಲ್ಸ್ ಇದೆ ಕಣಯ್ಯ. ರೂಲ್ಸ್ ವಿಷಯ ನಿನಗೆ ನಾನು ಹೇಳ್ಕೊಡಬೇಕಾ?"

ಬೇಕಿರಲಿಲ್ಲ. ಯತೀಶ ನಿಯಮದಲ್ಲೇ ದಾರಿ ಹುಡುಕಿದ.

ಚಕ್ರಪಾಣಿಯವರ ಆಫೀಸು ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಒಂದು ಹಳೇ ಇಟ್ಟಿಗೆ ಕಟ್ಟಡದ ಮಹಡಿಯಲ್ಲಿತ್ತು. ಕೆಳಗೆ ಹುಬ್ಬಳ್ಳಿಯ ನೀಲಕ್ಕನ ಖಾನಾವಳಿ. ಕಟ್ಟಡದ ಅಗ್ನಿ ಸುರಕ್ಷತಾ ವ್ಯವಸ್ಥೆಯನ್ನು ಸೇವೆ ಅಂತ ತಾನೇ ಸುಧಾರಿಸಿಕೊಡುತ್ತೇನೆ ಎಂದ ಯತೀಶ. ಪುಕ್ಕಟೆ ಅಂದ ಮೇಲೆ ಮಾಲೀಕನಿಗೆ ಎರಡನೇ ಮಾತಿರಲಿಲ್ಲ.

ಕಟ್ಟಡದವರನ್ನೆಲ್ಲ ಖಾನಾವಳಿಯಲ್ಲಿ ಕೂರಿಸಿ ಯತೀಶ ಒಂದು ಗಂಟೆ ಮಾತಾಡಿದ. ಹಳೇ ಸಿಡ್ನಿಯಲ್ಲಿ ವಿಮೆ ಕಂಪನಿಗಳದ್ದು ಒಂದು ಅಗ್ನಿಶಾಮಕ ದಳ, ಊರವರದ್ದು ಇನ್ನೊಂದು ದಳ. ಮೊದಲು ಬಂದವರು ತಾವೇ ಎಂದು ಬೆಂಕಿಯ ಮುಂದೆಯೇ ಜಗಳ. ಕೊನೆಗೆ ೧೮೮೪ರಲ್ಲಿ ಕಾಯಿದೆ ಬಂದು ಎಲ್ಲ ಒಂದು ಹಿಡಿತಕ್ಕೆ ಬಂತು ಎಂದೆಲ್ಲ ಹೇಳಿದ. ಬೆಂಕಿ ಹೇಗೆ ಏರುತ್ತದೆ, ಯಾವುದು ಮೊದಲು ಉರಿಯುತ್ತದೆ ಎಂದೂ ಹೇಳಿದ. ಎಲ್ಲರೂ ತಲೆ ಆಡಿಸಿದರು. ನಮ್ಮವರು ತಲೆ ಆಡಿಸುವುದು ಚಾ ಬೇಗ ಬರಲಿ ಎಂದು. ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವನ ಯೋಜನೆಯ ಅಡಿಪಾಯವೇ ಆಗಿತ್ತು.

ನಿಯಮಗಳು ಒಂದಕ್ಕೊಂದು ಚೆನ್ನಾಗಿ ಹೆಣೆದುಕೊಂಡವು. ಬೆಂಕಿಯ ಗಂಟೆ ಹೊಡೆದ ಕೂಡಲೇ ಮಹಡಿಯ ಬೀಗಗಳೆಲ್ಲ ತಾವೇ ಬಿಟ್ಟುಕೊಳ್ಳಬೇಕು, ಯಾರೂ ಒಳಗೆ ಸಿಕ್ಕಿಬೀಳಬಾರದಲ್ಲ. ಕೈಯಲ್ಲಿ ಒಂದು ಹಾಳೆಯನ್ನೂ ಹಿಡಿಯದೆ ಎಲ್ಲರೂ ಎದುರಿನ ಕಾರ್ ಪಾರ್ಕಿಗೆ ಹೋಗಬೇಕು. ಅಗ್ನಿಶಾಮಕದವರು ಹೇಳುವ ತನಕ ಯಾರೂ ವಾಪಸು ಬರಕೂಡದು. ಮಹಡಿ ಖಾಲಿಯಾಗಿದೆಯೇ ಎಂದು ನೋಡಲು ಹಳದಿ ಹೆಲ್ಮೆಟ್ಟಿನ ಒಬ್ಬನೇ ಒಬ್ಬ ಉಳಿಯಬೇಕು. ಹೆಲ್ಮೆಟ್ಟನ್ನು ಯತೀಶ ತಾನೇ ಕೊಂಡು ತಂದಿದ್ದ.

ಹೊಗೆ ಹಿಡಿದು ಗಂಟೆ ಹೊಡೆಯುವ ಯಂತ್ರವನ್ನು ಖಾನಾವಳಿಯ ಅಡುಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರಕ್ಕೆ ಹಾಕಿಸಿ, ಬಾಗಿಲು ಸದಾ ಮುಚ್ಚಿರಬೇಕು ಎಂದು ಬೋರ್ಡು ಬರೆಸಿದ.

"ಬಾಗಲಾ ಮುಚ್ಚಿ ಮೆಣಸಿನಕಾಯಿ ಹುರದ್ರ ನಾ ಬದುಕತೇನೇನೋ ತಮ್ಮಾ?" ಎಂದಳು ನೀಲಕ್ಕ. "ನಾಳೆ ಕೆಮ್ಮಾಕೂ ನಿನ್ನ ಪರ್ಮಿಷನ್ ಬೇಕಂತಿ."

"ರೂಲ್ಸ್ ಅವ ಅಕ್ಕಾರ. ನಾ ಏನ್ ಮಾಡ್ಲಿ?"

ನೀಲಕ್ಕ ಬೋರ್ಡಿನ ಮುಂದೆಯೇ ಬಾಗಿಲು ಮುಚ್ಚದಂತೆ ಅಕ್ಕಿ ಚೀಲ ಒತ್ತಿಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಪ್ರತಿ ಬುಧವಾರ ಹನ್ನೊಂದಕ್ಕೆ ವಾರಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಾಳೆ ಎಂಬುದೂ ಗೊತ್ತಿತ್ತು. ಅವನು ಕಡ್ಡಿ ಗೀರಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ. ಬುಧವಾರ ಬೆಳಿಗ್ಗೆ ತಪಾಸಣೆಯ ನೆಪದಲ್ಲಿ ಮಹಡಿ ಮೇಲೆ ಇದ್ದರಾಯಿತು.

ಹನ್ನೊಂದೂ ಹತ್ತಕ್ಕೆ ಗಂಟೆ ಹೊಡೆಯಿತು.

ಬೀಗಗಳು ಟಕ್ ಟಕ್ ಎಂದು ಬಿಟ್ಟುಕೊಂಡವು. ಕೆಮ್ಮುತ್ತ, ಬೈಯುತ್ತ, ಜನ ಇಳಿದರು. ಎಲ್ಲರಿಗಿಂತ ಮುಂದೆ, ಬರಿಗೈಯಲ್ಲಿ, ಚಕ್ರಪಾಣಿ. ಅಗ್ನಿಶಾಮಕದವರು ಬರಲು ಏಳು ನಿಮಿಷವಾದರೂ ಬೇಕು; ಯತೀಶನಿಗೆ ಮೂರು ಸಾಕಾಯಿತು. ಕಪಾಟಿನ ಕೀಲಿ ಗಣಪತಿ ಫೋಟೋದ ಹಿಂದೆ ಇರುವುದು ಚಕ್ರಪಾಣಿಯವರ ಕಕ್ಷಿದಾರರಿಗೆಲ್ಲ ಗೊತ್ತಿದ್ದ ಗುಟ್ಟು. ಕೈಗೆ ಗವಸು. ಫೈಲಿನ ನಡುವೆ ಆ ಹಾಳೆ ಇದ್ದಲ್ಲೇ ಇತ್ತು. ಎಂಟು ತಿಂಗಳು, ಕ್ಯಾಂಟೀನ್, ನಡತೆ ತೃಪ್ತಿಕರ. ಅದನ್ನು ಚೂರುಚೂರು ಮಾಡಿ ಟಾಯ್ಲೆಟ್ಟಿಗೆ ಹಾಕಿ ಎರಡು ಸಲ ನೀರು ಬಿಟ್ಟ. ಕೀಲಿಯನ್ನು ಗಣಪತಿಯ ಹಿಂದಿಟ್ಟು, ಅಭ್ಯಾಸಬಲದಿಂದ ಕೈಮುಗಿದು, ಕೆಳಗಿಳಿದು ಪಟ್ಟಿ ತೆಗೆದು ಒಬ್ಬೊಬ್ಬರ ಹೆಸರಿಗೂ ಗುರುತು ಹಾಕಿದ.

ಒಳಗೆ ಹೋಗಿ ಬಂದ ಅಗ್ನಿಶಾಮಕ ಅಧಿಕಾರಿಣಿ ಸೀನುತ್ತಲೇ ಅವನ ಕೈ ಕುಲುಕಿ, ಈ ಬೀದಿಯಲ್ಲಿ ಇಷ್ಟು ಶಿಸ್ತಾಗಿ ಖಾಲಿಯಾದ ಕಟ್ಟಡವನ್ನು ತಾನು ನೋಡಿಯೇ ಇಲ್ಲ ಎಂದಳು. ನೀಲಕ್ಕ ಮಾತ್ರ ಮುಖ ತಿರುಗಿಸಿ ನಿಂತಿದ್ದಳು. ಒಂದು ವಾರದ ಚಟ್ನಿ ಸೀದುಹೋಗಿತ್ತು. ಯತೀಶನಿಗೆ ಆರು ವರ್ಷದಲ್ಲಿ ಮೊದಲ ಸಲ ಹಸಿವಾಯಿತು.

ಚಕ್ರಪಾಣಿ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. "ನಂಗೆ ಒಂಚೂರೂ ಗಾಬರಿ ಆಗ್ಲಿಲ್ಲ ಕಣಯ್ಯ. ಅವತ್ತು ಮೀಟಿಂಗಲ್ಲಿ ನೀನು ಹೇಳಿದೆಯಲ್ಲ, ಬೆಂಕಿ ಬಿದ್ರೆ ಮೊದಲು ಹೋಗೋದೇ ಕಾಗದ ಅಂತ? ಮನಸ್ಸಿಗೆ ನಾಟಿಬಿಡ್ತು. ಮಾರನೇ ದಿನದಿಂದಲೇ ಕೂತು ಒಂದು ಹಾಳೆ ಬಿಡದೆ ಸ್ಕ್ಯಾನ್ ಮಾಡಿ ಕ್ಲೇಟನ್‌ಗೆ ಕಳಿಸ್ಬಿಟ್ಟೆ. ನಾಳೆ ಐಶ್ವರ್ಯಾ ಬರ್ತಾಳೆ. ನಾಲ್ಕು ಸಾವಿರ ಪುಟ ಯಾರಮ್ಮ ಓದ್ತಾರೆ ಅಂದ್ರೆ, ಓದಲ್ಲ ಚಿಕ್ಕಪ್ಪ, ಬರೀ ಎಣಿಸ್ತೀನಿ ಅಂದ್ಲು. ಸ್ಕ್ಯಾನಿಗಿಂತ ಯಾವ ಫೈಲಲ್ಲಿ ಹಾಳೆ ಕಮ್ಮಿ ಬರುತ್ತೋ, ಆ ಹಾಳೆ ಒಂದನ್ನ ಮಾತ್ರ ಸ್ಕ್ಯಾನಲ್ಲಿ ಹುಡುಕಿ ಓದ್ತಾಳಂತೆ."