ಹುರುಳಿಗುಡ್ಡದ ಎಂಬತ್ತು ಮರಗಳು

ಬೀರುವಿನ ಬಾಗಿಲು ತೆರೆದಿತ್ತು. ಒಳಗಿದ್ದ ಹದಿನಾಲ್ಕು ಪುಸ್ತಕಗಳಲ್ಲಿ ಒಂದೂ ಉಳಿದಿರಲಿಲ್ಲ. ಕೊಂಡಿ ಕತ್ತರಿಸಿದ ಬೀಗ ನೆಲದ ಮೇಲೆ ಬಿದ್ದಿತ್ತು.

ಕೃಷ್ಣಸ್ವಾಮಿ ಬಾಗಿಲಲ್ಲೇ ನಿಂತರು. ಮಗಳು ಸುಕೃತಿ ಸ್ಟೂಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅದಕ್ಕೇ ಅವರಿಗೆ ಹೆಚ್ಚು ಭಯವಾಯಿತು.

"ನಿನ್ನೆ ಸಾಯಂಕಾಲ ನಾನೇ ಬೀಗ ಹಾಕಿದ್ದೆ ಅಪ್ಪ. ಶುಕ್ರವಾರ ಸಮಿತಿಯವರು ಬರ್ತಾರೆ. ಇವತ್ತು ಬುಧವಾರ."

ಪೀಣ್ಯ ಎರಡನೇ ಹಂತದಲ್ಲಿ ಮುಚ್ಚಿಹೋದ ಲೇತ್ ವರ್ಕ್‌ಶಾಪೊಂದರ ಅರ್ಧ ಭಾಗವೇ ಸುಕೃತಿಯ ಕಚೇರಿ. ಪಾವಗಡದ ಕಡೆ ಹುರುಳಿಗುಡ್ಡ ಎಂಬ ಒಣಬೆಟ್ಟವಿದೆ. ಮಳೆ ಅಲ್ಲಿಗೆ ಬರುವುದು ದೂರದ ನೆಂಟರ ಹಾಗೆ, ನೆನಪಾದರೆ. ಅದರ ಉತ್ತರದ ಇಳಿಜಾರಿನ ಎಂಬತ್ತು ಕಮರದ ಮರಗಳಿಗೆ ಅವಳು ಉಕ್ಕಿನ ಪಟ್ಟಿ ಕಟ್ಟಿದ್ದಳು. ಮರ ದಪ್ಪವಾದಷ್ಟೂ ಪಟ್ಟಿಯ ಸಂದು ಅಗಲವಾಗುತ್ತದೆ. ತಿಂಗಳಿಗೊಮ್ಮೆ ಅದನ್ನು ಅಳೆದು ಬರೆಯಬೇಕು. ಹೀಗೆ ವರ್ಷಕ್ಕೊಂದು ಪುಸ್ತಕದಂತೆ ಹದಿನಾಲ್ಕು ವರ್ಷ ನಡೆದಿತ್ತು. ತಾನು ಸತ್ತ ಮೇಲೂ ಯಾರಾದರೂ ಅಳೆಯುತ್ತಿರಲಿ ಎಂದು ಬೆಟ್ಟದ ಬುಡದಲ್ಲೊಂದು ಸಂಶೋಧನಾ ಕೇಂದ್ರ ಕಟ್ಟಿಸಲು ಹೊರಟಿದ್ದಳು.

ಜಾಗ ಮಂಜೂರು ಮಾಡುವ ಸಮಿತಿ ಮೊದಲು ಕೈಬರಹದ ಮೂಲ ಪುಸ್ತಕ ನೋಡುತ್ತದೆ. ಆಮೇಲೆ ಬೆಟ್ಟ ಹತ್ತುತ್ತದೆ. ಒಪ್ಪಿದರೆ ಬೆಟ್ಟ ಕೇಂದ್ರಕ್ಕೆ. ಇಲ್ಲದಿದ್ದರೆ ಕಲ್ಲು ಕ್ವಾರಿಗೆ.

ಸಬ್‌ಇನ್‌ಸ್ಪೆಕ್ಟರ್ ಈಶಪ್ಪ ಬಂದು ಬೀರುವನ್ನು ಒಂದು ಸುತ್ತು ನೋಡಿದರು. "ಯಾರ ಮೇಲಾದ್ರೂ ಅನುಮಾನ ಐತಾ ಮೇಡಂ?"

ಉತ್ತರ ಕೊಟ್ಟವನು ವಾದಿರಾಜ. ಆರು ವರ್ಷದಿಂದ ತಿಂಗಳಿಗೊಮ್ಮೆ ಬೆಟ್ಟ ಹತ್ತಿ ಅಳತೆ ತರುವ ಸಹಾಯಕ ಅವನು. "ಭಾನುಪ್ರಕಾಶ್ ಸಾರ್. ಕ್ವಾರಿ ಕಡೆಯೋನು. ಸೋಮವಾರ ಇಲ್ಲಿಗೆ ಬಂದು ಕೂಗಾಡಿ ಹೋದ."

* * *

ಠಾಣೆಯಲ್ಲಿ ಭಾನುಪ್ರಕಾಶ್ ಟೋಪಿ ತೆಗೆದ. ತಲೆ ನುಣ್ಣಗಿತ್ತು.

"ಸೋಮವಾರ ಇವರತ್ರ ಜಗಳ ಆಡ್ದೆ, ನಿಜ. ಅವತ್ತೇ ತಿರುಪತಿ ಬಸ್ ಹತ್ತಿದೆ. ಇವತ್ತು ಬೆಳಿಗ್ಗೆ ಇಳ್ದೆ. ತಲೆ ಇನ್ನೂ ಉರೀತೈತೆ, ಬೇಕಾದ್ರೆ ಮುಟ್ಟಿ ನೋಡಿ. ಟಿಕೆಟ್ಟೂ ಐತೆ, ಲಡ್ಡೂನೂ ಐತೆ."

"ಲಡ್ಡು ಸಾಕ್ಷಿ ಹೇಳಲ್ಲ ಕಣಯ್ಯಾ," ಎಂದು ಈಶಪ್ಪ ಟಿಕೆಟ್ ನೋಡಿದರು. ತಾರೀಕು ಸರಿಯಿತ್ತು.

"ಆಳು ಕಳಿಸಿರಬಹುದು," ಎಂದರು ಕೃಷ್ಣಸ್ವಾಮಿ ಮೆಲ್ಲಗೆ.

ಭಾನುಪ್ರಕಾಶ್ ನಕ್ಕ. "ಆ ಪುಸ್ತಕಕ್ಕೆ ಆಳು ಬೇರೆ ಕಳಿಸ್ಬೇಕಾ ಯಜಮಾನ್ರೇ? ಇರೋದನ್ನ ಬರ್ದ್ರೆ ಪುಸ್ತಕ. ಇಲ್ದಿದ್ದನ್ನ ಬರ್ದ್ರೆ ಹರಿಕಥೆ. ನಿಮ್ಮ ಹರಿಕಥೆ ನಂಗ್ಯಾಕೆ?"

ಆ ಮಾತು ಕೃಷ್ಣಸ್ವಾಮಿಯವರ ಅಂಗಾಲಿಗೆ ಮುಳ್ಳಾಗಿ ಸೇರಿಕೊಂಡಿತು. ಮೆಟ್ರೋ ಇಳಿದು ಮಗಳ ಕಚೇರಿಯ ಶೆಡ್ಡು ತಲುಪುವವರೆಗೂ ಚುಚ್ಚುತ್ತಲೇ ಇತ್ತು.

* * *

ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತ ಕಣ್ಣು ಅವರದು. ದೇವರನ್ನು ಕಣ್ಣು ಮುಚ್ಚಿ ನಂಬುತ್ತಿದ್ದರು. ಲೋಹವನ್ನು ಹಾಗೆ ನಂಬುತ್ತಿರಲಿಲ್ಲ.

ಬೀಗ ಎತ್ತಿ ಬೆಳಕಿಗೆ ಹಿಡಿದರು. ಎರಡೂ ಮಗ್ಗುಲಲ್ಲಿ ಸಾಲು ಹಲ್ಲುಗುರುತು. ಲೋಹದ ತುಂಡನ್ನು ಬಿಗಿಹಿಡಿಯುವ ವೈಸ್ ಕಚ್ಚಿದ ಗುರುತು. ಬೀರುವಿನ ಕೆಳಗೆ ಬೆರಳಾಡಿಸಿದರು. ಧೂಳಿತ್ತು, ಉಕ್ಕಿನ ಪುಡಿ ಇರಲಿಲ್ಲ. ಮೂಲೆಯ ಬೆಂಚಿಗೆ ಹೋದರು. ಹಳೇ ವರ್ಕ್‌ಶಾಪಿನವರು ಬಿಟ್ಟುಹೋದ ವೈಸ್ ಅಲ್ಲಿತ್ತು. ಅದರ ಬುಡದಲ್ಲಿ ಹೊಸ ಪುಡಿ ಮಿನುಗಿತು.

ಬಾಗಿಲಿನಲ್ಲಿ ತೂಗುವ ಬೀಗವನ್ನು ವೈಸಿಗೆ ಸಿಕ್ಕಿಸಲಾಗದು. ಕೀಲಿಯಿಂದ ತೆಗೆದು, ವೈಸಿನಲ್ಲಿ ಹಿಡಿದು, ಗರಗಸದಿಂದ ಕೊಯ್ದು, ನೆಲಕ್ಕೆ ಎಸೆದಿದ್ದಾರೆ. ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಂದು ವಾದಿರಾಜನ ಹತ್ತಿರ. ಇನ್ನೊಂದು ಮಗಳ ಹತ್ತಿರ.

ಮನೆದೇವರು ನರಸಿಂಹನನ್ನು ನೆನೆದರು. ಯಾರದು ತಪ್ಪೋ ತೋರಿಸು ಎನ್ನಲು ನಾಲಗೆ ಏಳಲಿಲ್ಲ.

ಆಗ ಕಪಾಟಿನ ಮೇಲಿದ್ದ ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗಿರುವುದು ಪಟ್ಟಿಯ ಸಂದನ್ನು ಅಳೆಯುವ ವರ್ನಿಯರ್. ಅಳೆಯುವ ಕೈ ಬದಲಾದರೂ ಅಳೆಯುವ ಉಪಕರಣ ಬದಲಾಗಬಾರದೆಂಬುದು ಸುಕೃತಿಯ ಕಟ್ಟಪ್ಪಣೆ. ಎಂಬತ್ತು ಮರಕ್ಕೂ ಇದೊಂದೇ ವರ್ನಿಯರ್. ತಿಂಗಳಿಗೊಮ್ಮೆ ವಾದಿರಾಜನ ಚೀಲದಲ್ಲಿ ಬೆಟ್ಟಕ್ಕೆ ಹೋಗಿ ಬರುತ್ತಿತ್ತು.

ಕಳೆದ ಆಯುಧಪೂಜೆಗೆ ಅದನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದವರು ಕೃಷ್ಣಸ್ವಾಮಿಯವರೇ. ಕಾರ್ಖಾನೆಯಲ್ಲಿ ಕಲಿತ ಪದ್ಧತಿಯಂತೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟನ್ನು ಮುಚ್ಚಳ ಮತ್ತು ಪೆಟ್ಟಿಗೆ ಸೇರುವ ಸಂದಿನ ಮೇಲೇ ಇಟ್ಟಿದ್ದರು. ಬೊಟ್ಟು ಒಣಗಿ ಅರಗಿನಂತಾಗಿತ್ತು. ಅರ್ಧ ಮೇಲೆ, ಅರ್ಧ ಕೆಳಗೆ. ನಡುವೆ ಕೂದಲೆಳೆಯ ಬಿರುಕೂ ಇರಲಿಲ್ಲ.

ಆಯುಧಪೂಜೆಯಾಗಿ ಹತ್ತು ತಿಂಗಳು. ಈ ಪೆಟ್ಟಿಗೆಯನ್ನು ಯಾರೂ ತೆರೆದೇ ಇಲ್ಲ.

* * *

ಕೃಷ್ಣಸ್ವಾಮಿ ಈಶಪ್ಪನವರನ್ನೂ ವಾದಿರಾಜನನ್ನೂ ಶೆಡ್ಡಿಗೆ ಕರೆಸಿದರು. ವಾದಿರಾಜ ಪೆಟ್ಟಿಗೆಯನ್ನು ನೋಡಿದ. ಬೀಗವನ್ನು ನೋಡಿದ. ಈಶಪ್ಪನ ಬೂಟು ನೋಡುತ್ತಾ ಕೂತ.

"ಹತ್ತು ತಿಂಗಳು ಏನಳೆದೆ ವಾದಿ?" ಎಂದರು ಕೃಷ್ಣಸ್ವಾಮಿ. "ತಿಂಗಳು ತಿಂಗಳೂ ಸಂಖ್ಯೆ ತಂದು ಕೊಟ್ಟೆಯಲ್ಲ."

"ಅಳೆಯೋಕೆ ಮರ ಇರ್ಲಿಲ್ಲ ಸಾರ್."

ಸುಕೃತಿ ತಲೆ ಎತ್ತಿದಳು.

"ಪೂಜೆ ಆದ್ಮೇಲೆ ಹೋದ್ನಲ್ಲ, ಆವಾಗ ಹನ್ನೊಂದು ಮರ ಇರ್ಲಿಲ್ಲ. ಕ್ವಾರಿಯವರು ಗಡಿ ದಾಟಿ ಬಂದಿದ್ರು. ಬಂದು ಹೇಳೋಣ ಅಂದ್ಕೊಂಡೆ. ಅವತ್ತೇ ಕೇಂದ್ರಕ್ಕೆ ಮೊದಲನೇ ಒಪ್ಪಿಗೆ ಬಂದಿತ್ತು. ಮೇಡಂ ಎಲ್ಲರಿಗೂ ಹೋಳಿಗೆ ಬಡಿಸ್ತಿದ್ರು. ಮುಂದಿನ ತಿಂಗಳು ಹೇಳೋಣ ಅಂದ್ಕೊಂಡು ಅಂದಾಜಿನಲ್ಲಿ ಬರೆದೆ. ಆ ಪೆಟ್ಟಿಗೆ ತೆಗೆಯೋಕೆ ಕೈ ಬರ್ಲಿಲ್ಲ. ಮುಂದಿನ ತಿಂಗಳು ಮೂವತ್ತು ಹೋಗಿತ್ತು. ಹೀಗೇ ಎಂಬತ್ತೂ ಹೋದ್ವು. ಯಾವ ಬಾಯಲ್ಲಿ ಹೇಳ್ಲಿ?"

"ಚೈತ್ರದಲ್ಲಿ ಆರ್ಕಿಟೆಕ್ಟ್ ಜೊತೆ ನಾನೇ ಹೋಗಿದ್ನಲ್ಲೋ," ಎಂದಳು ಸುಕೃತಿ.

"ದಕ್ಷಿಣದ ಬುಡಕ್ಕೆ ಹೋಗಿದ್ರಿ ಮೇಡಂ. ಕಟ್ಟಡದ ಜಾಗ ನೋಡೋಕೆ. ಆ ಕಡೆ ಹಸಿರಾಗೇ ಇದೆ. ಬೆಟ್ಟ ಹತ್ತಿ ಎರಡು ವರ್ಷ ಆಯ್ತು ನೀವು. ಫೈಲು, ನಕ್ಷೆ, ಸಹಿ ಅಂತ ಇಲ್ಲೇ ಇದ್ರಿ."

ಪಕ್ಕದ ಕಾರ್ಖಾನೆಯ ಪ್ರೆಸ್ ಒಂದೇ ಸಮನೆ ತಗಡು ಕುಟ್ಟುತ್ತಿತ್ತು.

"ಪುಸ್ತಕ ಎಲ್ಲಿ?" ಎಂದರು ಈಶಪ್ಪ.

"ಹಿಂದಿನ ಬೀದಿ ಫೌಂಡ್ರಿ ಕುಲುಮೆಗೆ ಹಾಕ್ದೆ. ಪುಸ್ತಕ ಇಲ್ಲ ಅಂದ್ರೆ ಸಮಿತಿಯವರು ಇಲ್ಲಿಂದಲೇ ವಾಪಸ್ ಹೋಗ್ತಾರೆ, ಬೆಟ್ಟ ಹತ್ತಲ್ಲ. ಕಳ್ಳ ಕೆಲಸ ಕೆಡಿಸಿದ ಅಂತ ಮೇಡಂ ಬೈಕೊಂಡಾದ್ರೂ ಇರ್ತಾರೆ. ಮರ ಇಲ್ಲ ಅಂತ ಗೊತ್ತಾಗೋದು ಬೇಡ ಅನ್ಸ್ತು."

"ಕಾರ್ತಿಕದಲ್ಲಿ ಹೇಳಿದ್ರೆ ಅರವತ್ತೊಂಬತ್ತು ಉಳೀತಿತ್ತು," ಎಂದಳು ಸುಕೃತಿ. ದನಿ ಏರಲಿಲ್ಲ.

"ಹೌದು ಮೇಡಂ."

ಕೃಷ್ಣಸ್ವಾಮಿ ಈಶಪ್ಪನ ಕಡೆ ತಿರುಗಿದರು. "ಮರ ಕಡಿದವರ ಮೇಲೆ ಕೇಸು?"

"ಅದು ನಮ್ಮ ಲಿಮಿಟ್ಸ್ ಅಲ್ಲ ಸಾರ್. ಆ ಕಡೆ ಠಾಣೆಗೆ ಹೋಗ್ಬೇಕು. ಮರ ಇತ್ತು ಅನ್ನೋದಕ್ಕೆ ದಾಖಲೆ ಕೇಳ್ತಾರೆ." ಮಾತು ಮುಗಿಯುವ ಮುಂಚೆಯೇ ಅವರಿಗೂ ಹೊಳೆಯಿತು. ದಾಖಲೆ ಕುಲುಮೆಯಲ್ಲಿ ಬೂದಿಯಾಗಿತ್ತು. ಪುಸ್ತಕ ನೋಡಿ ಟೈಪ್ ಮಾಡಿಟ್ಟಿದ್ದ ಪಟ್ಟಿಯಲ್ಲಿ, ಕಡಿದ ಮರಗಳು ಹೋದ ತಿಂಗಳವರೆಗೂ ದಪ್ಪವಾಗುತ್ತಲೇ ಇದ್ದವು. "ಇವನ ಮೇಲೆ ಬರ್ಕೊಳ್ಲಾ ಮೇಡಂ?"

"ಈಗ ಬೇಡ. ಇವನು ಕೂತಿರಲಿ."

ಸುಕೃತಿ ಸಮಿತಿಯವರಿಗೆ ಫೋನು ಮಾಡಿದಳು. ಶುಕ್ರವಾರ ಬರುವುದು ಬೇಡ ಎಂದಳು. ಕಾರಣವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ ಮೇಜಿನ ಮೇಲಿಂದ ಹೊಸ ನೋಟ್‌ಬುಕ್ ತೆಗೆದು ಉದ್ದಕ್ಕೆ ಗೆರೆ ಎಳೆದಳು.

"ಒಂದನೇ ನಂಬರಿನ ಮರ. ಯಾವ ತಿಂಗಳು ಹೋಯ್ತು?"

"ಕಾರ್ತಿಕ."

"ಎರಡು?"

"ಕಾರ್ತಿಕ."

ಕೃಷ್ಣಸ್ವಾಮಿ ಗೋಡೆಗೊರಗಿ ನಿಂತು ಕೇಳಿಸಿಕೊಂಡರು. ಮರದ ನಂಬರು, ತಿಂಗಳು, ಮತ್ತೆ ನಂಬರು. ಶ್ರಾದ್ಧದಲ್ಲಿ ಹಿರಿಯರ ಹೆಸರು ಹೇಳುವಾಗಿನ ಅದೇ ದನಿ. ನಲವತ್ತೇಳನೇ ಮರಕ್ಕೆ ವಾದಿರಾಜ ತಡವರಿಸಿದ.

"ಅದು ಗೊತ್ತಿಲ್ಲ ಮೇಡಂ. ಮಾಘದಿಂದ ನಾನು ಮೇಲೆ ಹತ್ತೋದನ್ನೇ ಬಿಟ್ಟೆ. ಬುಡದ ಟೀ ಅಂಗಡೀಲಿ ಕೂತು ಬರೀತಿದ್ದೆ."

ಸುಕೃತಿ ಆ ಸಾಲನ್ನು ಖಾಲಿ ಬಿಟ್ಟಳು. ಕೆಳಗಿನ ಸಾಲಿಗೆ ಪೆನ್ನಿಟ್ಟು ಕಾದಳು.

"ನಲವತ್ತೆಂಟು?"